ಚದರ ತೂತಿನ ಚೀನೀ ಕಾಸು

ಮುಂಬಯಿಯ ಚೋರ್‌ಬಜಾರಿನಂಥ ಹಳೆಯ ಸಾಮಾನಿನ ಪೇಟೆಗಳಲ್ಲಿ ನಡುವೆ ಚದರ ತೂತುಳ್ಳ ಹಿತ್ತಾಳೆಯ ಚೀನೀ ಕಾಸುಗಳು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತವೆ. ಕೆಂಪು ದಾರದಲ್ಲಿ ಕಟ್ಟಿ, ಅದೃಷ್ಟದ ಕಾಸೆಂದು ಮಾರುವ ಹೊಸ ಎರಕಗಳೂ ಉಂಟು. ಹಳೆಯದಾವುದು, ಹೊಸದಾವುದು ಎಂಬುದನ್ನು ತಿಳಿಯಲು ಈ ಕಾಸಿನ ಚರಿತ್ರೆಯನ್ನು ತುಸು ಅರಿತಿರಬೇಕು.

ನಮ್ಮ ವರಹಗಳು ಅಚ್ಚೊತ್ತಿದವು. ಚೀನೀ ಕಾಸು ಎರಕ ಹೊಯ್ದದ್ದು. ಮಾದರಿ ಕಾಸುಗಳನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡಿ ಕರಗಿದ ಲೋಹವನ್ನು ಸುರಿಯುತ್ತಿದ್ದರು. ಆರಿದ ಮೇಲೆ ಕಾಸುಗಳು ಕೊಂಬೆಯ ಎಲೆಗಳಂತೆ ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಅವನ್ನು ಮುರಿದು, ಚೌಕದ ಕಂಬಿಗೆ ಪೋಣಿಸಿ, ಅಂಚನ್ನು ಅರದಿಂದ ಉಜ್ಜುತ್ತಿದ್ದರು. ತೂತು ಚದರವಾದುದರಿಂದ ಕಾಸು ತಿರುಗುತ್ತಿರಲಿಲ್ಲ.

ನಮ್ಮ ಕೈಗೆ ಬಂದವುಗಳಲ್ಲಿ ಚಿಂಗ್ ವಂಶದ (೧೬೪೪–೧೯೧೨) ಚ್ಯೆನ್‌ಲೊಂಗ್ ಕಾಸುಗಳೇ ಹೆಚ್ಚು. ಮುಖದಲ್ಲಿ ನಾಲ್ಕು ಅಕ್ಷರಗಳಿರುತ್ತವೆ. ಮೇಲಿನದು, ಕೆಳಗಿನದು ಸೇರಿದರೆ ಆಳ್ವಿಕೆಯ ಹೆಸರು. ಬಲದ್ದು, ಎಡದ್ದು ಸೇರಿದರೆ ‘ಟೊಂಗ್‌ಬಾವ್’, ಎಂದರೆ ಚಲಾವಣೆಯ ಹಣ. ಹಿಂಬದಿಯಲ್ಲಿ ಮಂಚು ಲಿಪಿಯಲ್ಲಿ ಟಂಕಸಾಲೆಯ ಹೆಸರು. ಇಸವಿ ಮಾತ್ರ ಇಲ್ಲ. ಚ್ಯೆನ್‌ಲೊಂಗ್ ಆಳ್ವಿಕೆಯೋ ೧೭೩೬ರಿಂದ ೧೭೯೫ರವರೆಗೆ ನಡೆಯಿತು!

ಹೆಸರನ್ನೊಂದೇ ನಂಬುವಂತೆಯೂ ಇಲ್ಲ. ‘ಕೈಯುವಾನ್’ ಎಂಬುದು ೭೧೩ರಿಂದ ೭೪೧ರವರೆಗಿನ ಆಳ್ವಿಕೆಯ ಹೆಸರು. ಆದರೆ ‘ಕೈಯುವಾನ್ ಟೊಂಗ್‌ಬಾವ್’ ಕಾಸು ೬೨೧ರಲ್ಲಿಯೇ ಹೊರಟಿತ್ತು. ಚೀನೀ ಕಾಸುಗಳ ನಡುವೆ ಬೆರೆತಿರುವ ‘ಕನ್‌ಎಯ್’ ಕಾಸು ಜಪಾನಿನದು. ಲೋಹವನ್ನೂ ನೋಡಬೇಕು. ೧೬ನೆಯ ಶತಮಾನದವರೆಗೆ ಈ ಕಾಸುಗಳು ಬಹುಮಟ್ಟಿಗೆ ಕಂಚಿನವು. ಹಿತ್ತಾಳೆ ಬಳಕೆಗೆ ಬಂದದ್ದು ಆಮೇಲೆ. ಸೊಂಗ್ ವಂಶದ (೯೬೦–೧೨೭೯) ಹೆಸರುಳ್ಳ ಹಿತ್ತಾಳೆ ಕಾಸು ಕಂಡರೆ ಸಂಶಯಪಡುವುದೇ ಲೇಸು.

ಇದು ಬರಿಯ ಹವ್ಯಾಸದ ಮಾತಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳಲ್ಲದೆ ರೋಮನ್ ನಾಣ್ಯಗಳೂ ಒಂದು ಚೀನೀ ನಾಣ್ಯವೂ ದೊರೆತಿವೆ. ಆ ಚೀನೀ ನಾಣ್ಯ ಹಾನ್ ವಂಶದ ವೂ ಚಕ್ರವರ್ತಿಯ (ಕ್ರಿ. ಪೂ. ೧೪೧–೮೭) ಕಾಲದ್ದೆಂದು ಗ್ರಂಥಗಳಲ್ಲಿ ಬರೆದಿದೆ. ಆತನು ಕ್ರಿ. ಪೂ. ೧೧೮ರಲ್ಲಿ ಹೊರಡಿಸಿದ ‘ವೂ ಝೂ’ ಮಾದರಿಯಾದರೋ ಏಳುನೂರು ವರ್ಷಕ್ಕೂ ಮಿಕ್ಕಿ ಬಾಳಿತು. ಕನ್ನಡ ನಾಡಿಗೂ ಚೀನಕ್ಕೂ ಎಂದಿನಿಂದ ಸಂಪರ್ಕವಿತ್ತೆಂದು ಹೇಳಲು ನಾಣ್ಯದ ಮಾದರಿಯೊಂದೇ ಸಾಲದು. ತೂಕ, ಲೋಹ, ಸಿಕ್ಕಿದ ಮಣ್ಣಿನ ಪದರ ಎಲ್ಲವೂ ಸಾಕ್ಷಿ ನುಡಿಯಬೇಕು.

ಆದುದರಿಂದ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇಂಥದೊಂದು ಕಾಸು ಸಿಕ್ಕಿದರೆ, ಹುಣಿಸೆಹಣ್ಣು ಹಚ್ಚಿ ಬೆಳಗಬೇಡಿರಿ. ಅದು ಎಲ್ಲಿಂದ, ಯಾರಿಂದ ಬಂತೆಂದು ಹಿರಿಯರನ್ನು ಕೇಳಿ ಚೀಟಿಯಲ್ಲಿ ಬರೆದಿಡಿರಿ. ಕಾಸಿನ ಬೆಲೆ ಅಲ್ಪವಿರಬಹುದು. ಆ ಚೀಟಿ ಕಳೆದರೆ ಮತ್ತೆ ಸಿಕ್ಕದು.