ತೊಗಲಿಗೆ ಬಂದ ಜೀವ

ವಿದ್ಯಾರ್ಥಿಗಳೇ, ಗೂಗಲ್ಲಿನ ಬಳಿ ಕೃಷ್ಣೆಯನ್ನು ನೋಡಿದ್ದೀರಾ? ಇಂಥ ಹೊಳೆಗಳಲ್ಲಿ ಮೀನು ಹಿಡಿದು ಬದುಕಿದ ಶಿಳ್ಳೇಕ್ಯಾತರೇ ರಾತ್ರಿ ತೊಗಲುಬೊಂಬೆಯಾಟದ ಕಲಾವಿದರು. ಜಿಂಕೆ, ಆಡುಗಳ ಚರ್ಮದ ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಕೊರೆದು ಬಣ್ಣ ತುಂಬುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಬಳಿಕ ಆಡಿನ ಚರ್ಮವೇ ಆಸರೆಯಾಯಿತು.

ಮಳೆ ಹೋದ ವರ್ಷ ಊರವರೇ ಇವರನ್ನು ಕರೆಸಿ ಆಡಿಸುತ್ತಿದ್ದರು. ಆಟವಾದರೆ ಮಳೆ ಬರುತ್ತದೆಂಬ ನಂಬಿಕೆ. ಸವೆದ ಬೊಂಬೆಯನ್ನು ಎಸೆಯುವಂತಿಲ್ಲ, ಹೊಳೆಗೆ ಬಿಡಬೇಕು. ಹಾಗಾಗಿ ತೀರ ಹಳೆಯ ಬೊಂಬೆಗಳು ಸಿಗುವುದು ಅಪರೂಪ. ಇತಿಹಾಸ ಬರೆಯುವವರಿಗೆ ಇದು ನಷ್ಟವೇ ಸರಿ!

1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಈ ಆಟವನ್ನು ವಿದೇಶಗಳಿಗೂ ಒಯ್ದರು. 2025ರಲ್ಲಿ ಪದ್ಮಶ್ರೀ ಬಂದಾಗ ಆ ಅಜ್ಜಿಗೆ ತೊಂಬತ್ತು ದಾಟಿತ್ತು.