ರಾಮಕೃಷ್ಣ ಆಂದೋಲನ ಮತ್ತು ವಿಜ್ಞಾನ

ಸ್ವಾಮಿ ವಿವೇಕಾನಂದರು 1897ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ರಾಮಕೃಷ್ಣ ಮಿಷನ್ ಹಾಗೂ ಅದರೊಡನೆ ಬೆಳೆದ ರಾಮಕೃಷ್ಣ ಮಠಗಳನ್ನು ಒಟ್ಟಾಗಿ ರಾಮಕೃಷ್ಣ ಆಂದೋಲನವೆಂದು ಕರೆಯಲಾಗುತ್ತದೆ. ವಿಜ್ಞಾನವನ್ನು ಧರ್ಮದ ವೈರಿಯೆಂದು ಎಣಿಸದಿರುವುದು ಈ ಆಂದೋಲನದ ಮುಖ್ಯ ಲಕ್ಷಣಗಳಲ್ಲೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪೂರ್ವೇತಿಹಾಸದಲ್ಲಿಯೂ ವಿವೇಕಾನಂದರ ಹೆಸರು ಬರುತ್ತದೆ.

ತಾತ್ತ್ವಿಕ ನಿಲುವು

ಇತರ ಜ್ಞಾನಶಾಖೆಗಳಂತೆ ಧರ್ಮವೂ ವಿಚಾರದ ಪರೀಕ್ಷೆಗೆ ಒಳಪಡಬೇಕು, ಆ ಪರೀಕ್ಷೆಯಲ್ಲಿ ನಾಶವಾಗುವುದು ಕೇವಲ ಮೂಢನಂಬಿಕೆ ಎಂಬುದು ವಿವೇಕಾನಂದರು ಇಂಗ್ಲೆಂಡಿನಲ್ಲಿ ನೀಡಿದ ಉಪನ್ಯಾಸವೊಂದರ ಸಾರ. ವಿಶೇಷವನ್ನು ಸಾಮಾನ್ಯದಿಂದ ವಿವರಿಸುವುದು, ವಸ್ತುವಿನ ವಿವರಣೆಯನ್ನು ಅದರ ಸ್ವಭಾವದಲ್ಲಿಯೇ ಹುಡುಕುವುದು ಎಂಬ ಎರಡು ತತ್ತ್ವಗಳಿಗೂ ಅದ್ವೈತವು ಒಪ್ಪುತ್ತದೆಂದು ಅವರು ವಾದಿಸಿದರು.

ಟಾಟಾ ಪತ್ರ ಮತ್ತು ಬೆಂಗಳೂರು

1893ರಲ್ಲಿ ಜಪಾನಿನಿಂದ ಕೆನಡಾಕ್ಕೆ ಹೊರಟ ಹಡಗಿನಲ್ಲಿ ವಿವೇಕಾನಂದರೂ ಉದ್ಯಮಿ ಜಮ್‌ಸೇಟ್‌ಜಿ ಟಾಟಾ ಅವರೂ ಸಹಪ್ರಯಾಣಿಕರಾಗಿದ್ದರು. 1898ರ ನವೆಂಬರ್ 23ರಂದು ಬರೆದ ಪತ್ರದಲ್ಲಿ ಟಾಟಾ ಆ ಮಾತುಕತೆಯನ್ನು ನೆನೆದು, ಭಾರತದ ವೈರಾಗ್ಯಭಾವವನ್ನು ವಿಜ್ಞಾನಗಳ ಅಧ್ಯಯನದತ್ತ ತಿರುಗಿಸುವ ಯೋಜನೆಗೆ ಜನರನ್ನು ಹುರಿದುಂಬಿಸುವ ಕಿರುಹೊತ್ತಿಗೆಯೊಂದನ್ನು ಬರೆಯುವಂತೆ ಕೋರಿದರು. 1899ರಲ್ಲಿ ಆಂದೋಲನದ ಪತ್ರಿಕೆ ‘ಪ್ರಬುದ್ಧ ಭಾರತ’ ಈ ಯೋಜನೆಯನ್ನು ಬೆಂಬಲಿಸಿತು. ಸೋದರಿ ನಿವೇದಿತಾ ಸಹ ಅದರ ಪರವಾಗಿ ಶ್ರಮಿಸಿದರು.

ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ನೀಡಿತು. ಸಂಸ್ಥೆಯು 1909ರಲ್ಲಿ ಸ್ಥಾಪನೆಯಾಗಿ ಜನರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎನಿಸಿತು. ಬಸವನಗುಡಿಯ ರಾಮಕೃಷ್ಣ ಮಠದ ಕಟ್ಟಡವು ಉದ್ಘಾಟನೆಯಾದುದೂ ಅದೇ ವರ್ಷ. ಸಂಸ್ಥೆಯು ವಿವೇಕಾನಂದರಿಂದಲೇ ಹುಟ್ಟಿತೆಂಬ ಜನಪ್ರಿಯ ಹೇಳಿಕೆ ಉತ್ಪ್ರೇಕ್ಷೆಯಾಗಿದೆ. ಅವರು 1902ರಲ್ಲಿಯೇ ನಿಧನರಾದರು. ಯೋಜನೆಯನ್ನು ರೂಪಿಸಿ ಮುನ್ನಡೆಸಿದವರು ಟಾಟಾ ಮತ್ತು ಅವರ ಸಹಾಯಕ ಬುರ್ಜೋರ್‌ಜಿ ಪಾದಶಾ.

ವಿಮರ್ಶೆ

ದ್ರವ್ಯ ಮತ್ತು ಶಕ್ತಿಗಳನ್ನು ಪ್ರಚ್ಛನ್ನ ಶಕ್ತಿಯಾಗಿ ಗಣಿತದ ಮೂಲಕ ತೋರಿಸಬಲ್ಲೆನೆಂದು ವಿಜ್ಞಾನಿ ನಿಕೋಲಾ ಟೆಸ್ಲಾ ಭಾವಿಸಿದ್ದಾರೆಂದು ವಿವೇಕಾನಂದರು 1896ರ ಫೆಬ್ರವರಿಯ ಪತ್ರವೊಂದರಲ್ಲಿ ಬರೆದಿದ್ದರು. ಹಾಗಾದಲ್ಲಿ ಆಕಾಶ ಮತ್ತು ಪ್ರಾಣಗಳನ್ನು ಆಧರಿಸಿದ ವೇದಾಂತದ ಸೃಷ್ಟಿವಿಚಾರಕ್ಕೆ ದೃಢವಾದ ಬುನಾದಿ ದೊರೆಯುವುದೆಂಬುದು ಅವರ ನಿರೀಕ್ಷೆಯಾಗಿತ್ತು. ಟೆಸ್ಲಾ ಅಂತಹ ಸಾಧನೆಯನ್ನು ಪ್ರಕಟಿಸಲಿಲ್ಲ. 1905ರಲ್ಲಿ ಐನ್‌ಸ್ಟೈನ್ ದ್ರವ್ಯರಾಶಿ ಮತ್ತು ಶಕ್ತಿಗಳ ಸಮಾನತೆಯನ್ನು ನಿರೂಪಿಸಿದರಾದರೂ ಅದು ಸಾಪೇಕ್ಷತಾ ಸಿದ್ಧಾಂತದಿಂದ ಬಂದುದೇ ಹೊರತು ಆಕಾಶ-ಪ್ರಾಣಗಳಿಗೆ ಪುರಾವೆಯಲ್ಲ.

ಇಂತಹ ಹೋಲಿಕೆಗಳು ವಿಜ್ಞಾನದ ಪ್ರತಿಷ್ಠೆಯನ್ನು ಧರ್ಮಕ್ಕೆ ಎರವಲು ತರುತ್ತವೆ ಎಂದು ಮೀರಾ ನಂದಾ ಮೊದಲಾದ ಲೇಖಕರು ಆಕ್ಷೇಪಿಸಿದ್ದಾರೆ. ಆದುದರಿಂದ ಧರ್ಮವೂ ಪರೀಕ್ಷೆಗೆ ಒಳಪಡಲಿ ಎಂಬ ವಿವೇಕಾನಂದರ ನಿಲುವನ್ನೂ, ಧರ್ಮದ ಸಿದ್ಧಾಂತಗಳನ್ನು ವಿಜ್ಞಾನವು ಈಗಾಗಲೇ ಸಮರ್ಥಿಸಿದೆ ಎಂಬ ಹೇಳಿಕೆಯನ್ನೂ ಬೇರೆಬೇರೆಯಾಗಿ ಪರಿಶೀಲಿಸುವುದು ಅಗತ್ಯ.