ಕೆಂಪಾದ ಚಿನ್ನ, ಗಾಜಿನ ಎಳೆ

ಈ ಎಪಿಸೋಡ್ ನಿಮ್ಮ ಫೋನಿಗೆ ಬರೋ ದಾರೀಲಿ ಎಲ್ಲೋ ಒಂದು ಕಡೆ ಗಾಜಿನ ಎಳೆಯೊಳಗೆ ಬೆಳಕಾಗಿ ಓಡಿ ಬಂದಿರುತ್ತೆ. ಅಂಥದ್ದೇ ಎಳೆಗೆ ಚಿನ್ನದ ಲೇಪ ಕೊಟ್ರೆ, ನೀರಲ್ಲಿ ಏನು ಬೆರೆತಿದೆ ಅಂತ ಹೇಳಿಸಬಹುದು. ಇವತ್ತು ಅದರ ಕಥೆ.

ಕಿರುಗಾವಲು ಕಡೆಯೋರಿಗೆ ಚಿನ್ನ ಅಂದ್ರೆ ಶಿವನಸಮುದ್ರನೂ ನೆನಪಾಗಬೇಕು. ನಮ್ಮ ಮಳವಳ್ಳಿ ತಾಲ್ಲೂಕಿನದೇ. 1902ರಲ್ಲಿ ಅಲ್ಲಿ ಕಾವೇರಿಯಿಂದ ತೆಗೆದ ಕರೆಂಟು ಮೊದಲು ಹೋಗಿದ್ದು ನಮ್ಮ ಮನೆಗಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೇ ದೀಪ ಬಂದಿದ್ದು 1905ರಲ್ಲಿ! ಆ ಗಣಿ 2001ರಲ್ಲಿ ಮುಚ್ತು. ಅಲ್ಲಿ ಚಿನ್ನ ಅಂದ್ರೆ ತೂಕ, ಅಷ್ಟೆ.

ತೂಕವೇ ಇಲ್ಲದಷ್ಟು ಸಣ್ಣ ಚಿನ್ನವನ್ನ ಅದಕ್ಕೂ ಮೊದಲೇ ಲಂಡನ್ನಿನಲ್ಲಿ ಒಬ್ಬರು ನೋಡಿದ್ರು. ಮೈಕಲ್ ಫ್ಯಾರಡೆ. ಶಿವನಸಮುದ್ರದ ಜನರೇಟರ್ ಯಾವ ತತ್ತ್ವದ ಮೇಲೆ ತಿರುಗುತ್ತೋ ಅದನ್ನ 1831ರಲ್ಲಿ ಕಂಡುಹಿಡಿದವರೂ ಇವರೇ. ಚಿನ್ನದ ದ್ರಾವಣಕ್ಕೆ ರಂಜಕ ಸೇರಿಸಿದಾಗ ಸಿಕ್ಕಿದ್ದು ಹಳದಿ ಅಲ್ಲ, ಮಾಣಿಕ್ಯದಂಥ ಕೆಂಪು ನೀರು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳೇ ಇದಕ್ಕೆ ಕಾರಣ ಅಂತ 1857ರಲ್ಲಿ ಹೇಳಿದ್ರು. ಆ ಬಾಟಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇವತ್ತಿಗೂ ಇದೆ, ಇವತ್ತಿಗೂ ಕೆಂಪಗೇ ಇದೆ. ಲೆಕ್ಕ ಹಾಕಿ ವಿವರಿಸಿದ್ದು ಜರ್ಮನಿಯ ಗುಸ್ತಾವ್ ಮೀ, 1908ರಲ್ಲಿ. ಒಂದು ಮಿಲಿಮೀಟರನ್ನ ಹತ್ತು ಲಕ್ಷ ಪಾಲು ಮಾಡಿದ್ರೆ ಒಂದು ನ್ಯಾನೋಮೀಟರ್. ಇಪ್ಪತ್ತು ನ್ಯಾನೋಮೀಟರ್ ಕಣದ ಮೇಲೆ ಬೆಳಕು ಬಿದ್ರೆ ಅದರ ಎಲೆಕ್ಟ್ರಾನ್‌ಗಳೆಲ್ಲ ಒಟ್ಟಿಗೆ ತೂಗಾಡಿ ಹಸಿರು ಬೆಳಕನ್ನ ನುಂಗುತ್ವೆ, ಉಳಿದದ್ದು ಕೆಂಪಾಗಿ ಕಾಣುತ್ತೆ.

ಗಾಜಿನ ಎಳೆಯ ಕಥೆ ಬೇರೆ ಕಡೆಯಿಂದ ಬಂತು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಹೆರಾಲ್ಡ್ ಹಾಪ್ಕಿನ್ಸ್ ಜೊತೆ, ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿದ್ದನ್ನ 1954ರಲ್ಲಿ ಪ್ರಕಟಿಸಿದ್ರು. (2009ರ ನೊಬೆಲ್ ಚಾರ್ಲ್ಸ್ ಕಾವೋಗೆ ಬಂತು, ಕಪಾನಿಗೆ ಬರಲಿಲ್ಲ. ನನಗಿನ್ನೂ ಬೇಜಾರಿದೆ.)

ಎರಡೂ ಕಥೆ ಸೇರೋದು ಹೀಗೆ. ಎಳೆಯೊಳಗೆ ಬೆಳಕು ಗೋಡೆಗೆ ಬಡಿದು ವಾಪಸ್ ಬರುವಾಗ ಒಂದು ಚೂರು ಹೊರಗೆ ಇಣುಕಿ ಹೋಗುತ್ತೆ. ಆ ಜಾಗದಲ್ಲಿ ಹೊರಪದರ ಸುಲಿದು ಲೋಹ ಬಳಿದ್ರೆ, ಇಣುಕಿದ ಬೆಳಕು ಅದಕ್ಕೆ ತಾಕುತ್ತೆ. 1993ರಲ್ಲಿ ಅಮೆರಿಕದ ಜಾರ್ಗೆನ್ಸನ್ ಮತ್ತು ಯೀ ತೆಳು ಲೋಹದ ಪದರದಲ್ಲಿ ಇದನ್ನ ಮಾಡಿ ತೋರಿಸಿದ್ರು. ಆಮೇಲೆ ಪದರದ ಬದಲು ನ್ಯಾನೋ ಕಣಗಳೂ ಬಂದ್ವು. ಕಣದ ಮೈಗೆ ಏನಾದ್ರೂ ಅಂಟಿದ್ರೆ ನುಂಗೋ ಬಣ್ಣ ಸ್ವಲ್ಪ ಸರಿಯುತ್ತೆ. ಆ ಸರಿದಾಟವೇ ಸುದ್ದಿ. ಬೆಳ್ಳಿ ಇನ್ನೂ ಚುರುಕು, ಆದ್ರೆ ಮನೇಲಿರೋ ಬೆಳ್ಳಿ ಲೋಟದ ಥರ ಕಪ್ಪಾಗುತ್ತೆ. ಚಿನ್ನ ಬಾಳಿಕೆ ಬರುತ್ತೆ.

ಚಿನ್ನ ಅಂದ್ರೆ ದುಬಾರಿ ಅಲ್ವಾ? ಬಿ.ಕಾಂ. ಓದಿರೋ ನಾನು ಲೆಕ್ಕ ಹಾಕ್ದೆ. 0.2 ಮಿಲಿಮೀಟರ್ ದಪ್ಪದ ಎಳೆ, ಒಂದು ಸೆಂಟಿಮೀಟರ್ ಉದ್ದಕ್ಕೆ 50 ನ್ಯಾನೋಮೀಟರ್ ಲೇಪ. ಬೇಕಾಗೋ ಚಿನ್ನ ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಆರು ಪಾಲು. ಗ್ರಾಮಿಗೆ ಹತ್ತು ಸಾವಿರ ರೂಪಾಯಿ ಅಂತ ಇಟ್ಕೊಂಡ್ರೂ ಆರು ಪೈಸೆ! ಖರ್ಚಿರೋದು ಬಣ್ಣದ ಸರಿದಾಟ ಓದೋ ಯಂತ್ರದಲ್ಲಿ.

ಇದೆಲ್ಲ ನಮಗ್ಯಾಕೆ ಅಂದ್ರೆ, ನಮ್ಮ ಕಡೆ ಒಬ್ಬರ ಗದ್ದೆಗೆ ಹೊಡೆದ ಔಷಧಿ ನೀರಿನ ಜೊತೆ ಪಕ್ಕದವರ ಗದ್ದೆಗೂ ಹೋಗುತ್ತೆ. ಬಾಟಲಿ ತುಂಬಿಸಿ ಲ್ಯಾಬಿಗೆ ಕಳಿಸಿ ರಿಪೋರ್ಟ್ ಬರೋ ಹೊತ್ತಿಗೆ ಆ ನೀರು ಊರು ದಾಟಿರುತ್ತೆ. ಎಳೆಯನ್ನ ಕಾಲುವೆಯಲ್ಲೇ ಬಿಟ್ರೆ ಆಗಲೇ ಗೊತ್ತಾಗಬೇಕು. ಆದ್ರೆ ಕಾಲುವೆ ನೀರು ಲ್ಯಾಬ್ ನೀರಲ್ಲ. ಕೆಸರು, ಪಾಚಿ ಎಲ್ಲ ಬಂದು ಅಂಟಿದ್ರೂ ಬಣ್ಣ ಸರಿಯುತ್ತೆ, ಕಣಗಳು ಕೊಚ್ಚಿಕೊಂಡೂ ಹೋಗಬಹುದು. ಅದಕ್ಕೇ ಚಿನ್ನದ ಮೇಲೆ ಇನ್ನೊಂದು ಲೇಪ ಬೇಕು: ಬೇಕಾದ ಅಣುವನ್ನ ಒಳಗೆ ಬಿಟ್ಟು ಉಳಿದಿದ್ದನ್ನ ಹೊರಗಿಡೋದು. ಚಿನ್ನಕ್ಕೆ ಗಂಧಕ ಇರೋ ಅಣುಗಳು ಗಟ್ಟಿಯಾಗಿ ಕಚ್ಕೊಳ್ತವೆ, ಆ ಲೇಪ ಕಟ್ಟೋದಕ್ಕೆ ಆ ಗುಣವನ್ನೇ ಬಳಸ್ತಾರೆ. ಸದ್ಯ ಕಷ್ಟ ಇರೋದು ಅದೇ ಲೇಪದಲ್ಲಿ.

ಇವತ್ತಿಗೆ ಇಷ್ಟೇ. ಮುಂದಿನ ವಾರ ಸಿಗೋಣ.